ಅಕ್ಕನ ಎಂಆರ್‌ಐ ಬಗ್ಗೆ ಕೇಳಿದ್ದಕ್ಕೆ

ಮಗಳೇ, ನಾಳೆ ಹುಬ್ಬಳ್ಳಿಯಲ್ಲಿ ಅವ್ವನ ಸೊಂಟದ ಎಂಆರ್‌ಐ ಸ್ಕ್ಯಾನ್ ಇದೆ, ಆ ಯಂತ್ರದ ಕೊಳವೆಯೊಳಗೆ ಅವಳಿಗೆ ಏನಾದರೂ ಆದರೆ ಹೇಗೆ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗ ಓದಿದೆ. ನಿನ್ನವ್ವ, ನಮ್ಮ ಬೆಟಗೇರಿ ಅಕ್ಕನ ಸ್ವಭಾವ ನಮಗೆಲ್ಲ ಗೊತ್ತಿರುವುದೇ. ಎಂಥ ನೋವನ್ನೂ ತಡೆದುಕೊಳ್ಳುತ್ತಾಳೆ, ಕದ ಹಾಕಿದ ಕೋಣೆಯಲ್ಲಿ ಮಾತ್ರ ಮಲಗಲಾರಳು. ಆದರೂ ಕೊಳವೆಯ ಚಿಂತೆ ಆಮೇಲಿರಲಿ. ಮೊದಲು ಅವಳ ಮೈಮೇಲೆ ಕಬ್ಬಿಣದ ಒಂದು ಚೂರೂ ಇಲ್ಲದಂತೆ ನೋಡಿ ಒಳಗೆ ಕಳಿಸು.

ನನ್ನ ಬೆನ್ನಿನ ಸ್ಕ್ಯಾನ್ ಆದಾಗ ಗಡಿಯಾರ, ಉಂಗುರ, ಮೊಬೈಲುಗಳನ್ನೆಲ್ಲ ನಿನ್ನ ಅತ್ತೆಯ ಕೈಗೆ ಕೊಟ್ಟು, ಅವರು ಕೊಟ್ಟ ನಿಲುವಂಗಿ ತೊಟ್ಟು ಹೋಗಿದ್ದೆ. ಉಡದಾರಕ್ಕೆ ಕಟ್ಟಿದ್ದ ತಿಜೋರಿಯ ಕೀಲಿಕೈ ನೆನಪಾಗಲೇ ಇಲ್ಲ. ಯಂತ್ರ ಇನ್ನೆರಡು ಹೆಜ್ಜೆ ಇರುವಾಗ ಆ ಕೀಲಿಕೈ ನಿಲುವಂಗಿಯೊಳಗೆ ತಾನಾಗಿ ಎದ್ದು ನಿಂತಿತು. ಯಾರೋ ಮುಂದಿನಿಂದ ಹಿಡಿದು ಜಗ್ಗಿದಂತೆ ದಾರ ಬೆನ್ನಿಗೆ ಒತ್ತಿಕೊಂಡಿತು. ಅಲ್ಲಿದ್ದ ಹುಡುಗ ತೋಳು ಹಿಡಿದು ನನ್ನನ್ನು ಹೊರಗೆ ಎಳೆತಂದು, ಉಡದಾರವನ್ನು ಕತ್ತರಿಸಿ ತೆಗೆದ. ಸದ್ದಿಲ್ಲವಾದ್ದರಿಂದ ಯಂತ್ರ ಬಂದ್ ಆಗಿದೆ ಎಂದೇ ನಾನು ತಿಳಿದಿದ್ದೆ. ಅದರ ಅಯಸ್ಕಾಂತ ಹಗಲು ರಾತ್ರಿ ಎಳೆಯುತ್ತಲೇ ಇರುತ್ತದೆ. ಅದರ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಆಮ್ಲಜನಕದ ಸಿಲಿಂಡರನ್ನೂ ಅದು ಸೆಳೆದುಕೊಳ್ಳಬಲ್ಲದು.

ಮೈಮೇಲೆ ಕಬ್ಬಿಣ ಏನಾದರೂ ಇದೆಯೇ ಎಂಬಂಥ ಪ್ರಶ್ನೆಗಳೆಲ್ಲ ನಾನು ಸಹಿ ಮಾಡಿದ ಫಾರ್ಮಿನಲ್ಲಿದ್ದವಂತೆ. ಫಾರ್ಮು ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೌಂಟರಿನಲ್ಲಿದ್ದಾಕೆ ಓದಿ ಹೇಳದೆ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ರೋಣ, ಶಿರಹಟ್ಟಿ, ಸವಣೂರಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದವರು, ಜೀವಕ್ಕೇ ಸಂಬಂಧಪಟ್ಟ ಪ್ರಶ್ನೆಗಳಿಗೆ ಓದಲು ಬಾರದ ಭಾಷೆಯಲ್ಲಿ ಸಹಿ ಮಾಡಬೇಕೆ? ಕನ್ನಡದಲ್ಲಿ ಒಂದು ಹಾಳೆ ಬೇಕೆಂದರೆ ನಮ್ಮ ಗದಗದ ಯಾವ ಪ್ರೆಸ್ಸಿನವರಾದರೂ ಒಂದೇ ದಿನದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದರು. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ. ನೀನು ಆ ಫಾರ್ಮಿನ ಪ್ರತಿಯೊಂದು ಸಾಲನ್ನೂ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳು.

ಇನ್ನೊಮ್ಮೆ ಹೇಳುತ್ತೇನೆ, ಕಬ್ಬಿಣದ ಒಂದು ಚೂರೂ ಬೇಡ. ಸೆರಗಿನ ಪಿನ್ನು, ಹೇರ್‌ಪಿನ್ನು, ಕುಪ್ಪಸದ ಹುಕ್ಕು, ಕಿವಿಯ ಮಷಿನ್ನು ಎಲ್ಲವನ್ನೂ ನೋಡು. ತಾಳಿ, ಕಾಲುಂಗುರಗಳನ್ನೂ ಮನೆಯಲ್ಲಿಯೇ ಬಿಚ್ಚಿಟ್ಟು ಬರಲಿ.

ಒಳಗೆ ಏನಾಗುತ್ತದೆ ಎಂದು ನೀನು ಕೇಳಿದ್ದೆಯಲ್ಲ. ಸೊಂಟದ ಸ್ಕ್ಯಾನಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಎಕ್ಸ್‌ರೇಯಂತಹ ವಿಕಿರಣ ಇದರಲ್ಲಿಲ್ಲ, ನೋವೂ ಇಲ್ಲ. ತಗಡಿನ ಮೇಲೆ ಸುತ್ತಿಗೆಯಿಂದ ಬಡಿದಂತೆ ದೊಡ್ಡ ಸದ್ದು ಬಿಟ್ಟು ಬಿಟ್ಟು ಬರುವುದರಿಂದ ಕಿವಿಗೆ ಮುಚ್ಚಳ ಕೊಡುತ್ತಾರೆ. ಮೈ ಅಲುಗಿದರೆ ಚಿತ್ರ ಕೆಟ್ಟು ಮತ್ತೆ ತೆಗೆಯಬೇಕಾಗಬಹುದು. ಕೈಗೆ ಒಂದು ರಬ್ಬರಿನ ಚೆಂಡು ಕೊಡುತ್ತಾರೆ, ಗಾಬರಿಯಾದರೆ ಅದನ್ನು ಹಿಚುಕಿದರೆ ಸಾಕು, ಹೊರಗೆ ತೆಗೆಯುತ್ತಾರೆ. ಒಳಗೆ ಹೋಗುವ ಮೊದಲೇ ಕಣ್ಣಿನ ಮೇಲೆ ಬಟ್ಟೆ ಹಾಕಲು ಕೇಳಿಕೊಳ್ಳಿ, ಅಕ್ಕನಿಗೆ ಅದು ಒಳ್ಳೆಯದು.

ಅಯ್ಯೋ, ಮುಖ್ಯವಾದದ್ದೇ ಮರೆತಿದ್ದೆ. ಅಕ್ಕನ ಬಲ ಮೊಣಕಾಲಿಗೆ ಕೃತಕ ಕೀಲು ಹಾಕಿದೆಯಲ್ಲ, ಅದನ್ನು ಹೋದ ಕೂಡಲೇ ಹೇಳಿ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ, ಆದರೆ ಯಾವ ಕೀಲು ಎಂದು ಅವರಿಗೆ ತಿಳಿಯಬೇಕು. ಆಪರೇಷನ್ನಿನ ಕಾಗದ ದೇವರ ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿದೆ, ಈಗಲೇ ತೆಗೆದು ಚೀಲದಲ್ಲಿಡು.