ಉ: ವಿಮಾನ ಸಿಮ್ಯುಲೇಟರ್ ಕಲಿಸುವ ಹಾಳೆಗೆ 'ಆರ್ಮ್', 'ಎಂಗೇಜ್' ಪದಗಳು ಬೇಕು (ತುರ್ತು)

> ಭಾನುವಾರದೊಳಗೆ ಹಾಳೆ ಅಚ್ಚಾಗಬೇಕು. ಆರ್ಮ್, ಎಂಗೇಜ್ ಎರಡಕ್ಕೂ 'ಸಕ್ರಿಯಗೊಳಿಸು' ಅಂತ ಹಾಕಿದ್ದೇನೆ. ಸರಿ ಇದೆಯಾ?

ಸರಿ ಇಲ್ಲ. ದಯವಿಟ್ಟು ಅಚ್ಚಿಗೆ ಕೊಡಬೇಡಿ. ಆರ್ಮ್ ಅಂದರೆ ಆಟೋಪೈಲಟ್ (ವಿಮಾನವನ್ನು ತಾನೇ ನಡೆಸುವ ಸಾಧನ) ಒಂದು ಕೆಲಸಕ್ಕೆ ತಯಾರಾಗಿ ಕಾಯುವುದು, ಎಂಗೇಜ್ ಅಂದರೆ ಆ ಕೆಲಸವನ್ನು ನಡೆಸತೊಡಗುವುದು.

ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಿಮ್ಯುಲೇಟರಿನಲ್ಲಿ ಏರ್‌ಬಸ್ ಎ320 ಇಳಿಸುವುದನ್ನು ಅಕ್ಕನ ಮಗನಿಗೆ ಕಲಿಸಲು ಒಂದು ಹಾಳೆ ಬರೆದುಕೊಟ್ಟಿದ್ದೆ. 'ಅಪ್ರೋಚ್ ಗುಂಡಿ ಒತ್ತು: ಇಳಿಜಾರು ಸಕ್ರಿಯ' ಅಂತ ಅದರಲ್ಲಿತ್ತು. ಇಳಿಜಾರು ಅಂದರೆ ಗ್ಲೈಡ್‌ಸ್ಲೋಪ್, ರನ್‌ವೇಗೆ ಇಳಿಯುವ ಓರೆದಾರಿ ತೋರಿಸುವ ರೇಡಿಯೋ ಸಿಗ್ನಲ್. ಹುಡುಗ ಒತ್ತಿದ. ಗುಂಡಿಯಲ್ಲಿ ದೀಪ ಬಂತು. ಸಕ್ರಿಯ ಆಯಿತಲ್ಲ ಅಂತ ಕೈ ಬಿಟ್ಟು ಕೂತ. ವಿಮಾನ ಅಷ್ಟರಲ್ಲೇ ಇಳಿಜಾರಿಗಿಂತ ಮೇಲಿತ್ತು. ರನ್‌ವೇಯ ನೇರಕ್ಕೆ, ಒಂದಿಷ್ಟೂ ಆಚೀಚೆ ಸರಿಯದೆ, 3,000 ಅಡಿ ಎತ್ತರದಲ್ಲೇ ರನ್‌ವೇ ದಾಟಿ ಹೊರಟುಹೋಯಿತು. ಪರದೆಯ ಮೇಲ್ತುದಿಯಲ್ಲಿ ಗ್ಲೈಡ್‌ಸ್ಲೋಪಿನ ಅಕ್ಷರ ಕೊನೆಯವರೆಗೂ ನೀಲಿಯಾಗೇ ಇತ್ತು. ನೀಲಿ ಅಂದರೆ ಇನ್ನೂ ಕಾಯುತ್ತಿದೆ. ಹಸಿರಾದರೆ ಮಾತ್ರ ಆಟೋಪೈಲಟ್ ಅದನ್ನು ಹಿಡಿದಿದೆ ಅಂತ. ಹುಡುಗ ಹಾಳೆಯನ್ನು ಸರಿಯಾಗೇ ಓದಿದ್ದ. ನಾನು ಹಾಕಿದ ಪದವೇ ತಪ್ಪಾಗಿತ್ತು.

ಆರ್ಮ್‌ಗೆ ನನ್ನ ಪದ 'ಹೂಡು'. ಬಿಲ್ಲಿಗೆ ಬಾಣ ಹೂಡುತ್ತೇವೆ, ಬಾಣ ಇನ್ನೂ ಬಿಟ್ಟಿರುವುದಿಲ್ಲ. ಗುಂಡಿ ಒತ್ತಿದಾಗ ಆಗುವುದೂ ಅಷ್ಟೇ ಅಲ್ವಾ? ಹಳಗನ್ನಡದ 'ಪೂಡು', ಪಕಾರ ಹಕಾರವಾಗಿ 'ಹೂಡು'. ತಮಿಳಿನ 'ಪೂಟ್ಟು' ಇದರದೇ ಬಳಗ. ಎತ್ತು ಹೂಡು, ಒಲೆ ಹೂಡು, ದಾವೆ ಹೂಡು, ಹಣ ಹೂಡು. ಎಲ್ಲದರಲ್ಲೂ ಕಟ್ಟಿ, ಜೋಡಿಸಿ ಆಗಿದೆ. ಕೆಲಸ ನಡೆಯಬೇಕಾದ್ದು ಇನ್ನು ಮುಂದೆ. ಇಷ್ಟು ಹದವಾದ ಕ್ರಿಯಾಪದ ಕೈಯಲ್ಲೇ ಇರುವಾಗ 'ಸಕ್ರಿಯ' ಯಾಕೆ ಬೇಕು?

> 'ಸಜ್ಜು' ಎಲ್ಲರಿಗೂ ಗೊತ್ತು. ಹೂಡು ಅಂದರೆ ದುಡ್ಡು ಹೂಡುವುದು ಅಂದುಕೊಳ್ಳುತ್ತಾರೆ.

ಯಾರೂ ಅಂದುಕೊಳ್ಳುವುದಿಲ್ಲ. 'ಇಳಿಜಾರು ಹೂಡು' ಅಂತ ಓದಿದವನಿಗೆ ಬ್ಯಾಂಕು ನೆನಪಾಗಲ್ಲ. 'ಸಜ್ಜು' ಸಂಸ್ಕೃತದಿಂದ ಬಂತು ಅನ್ನುವುದು ನನ್ನ ತಕರಾರಲ್ಲ. ಚಕ್ರ ಇಳಿಸಿ, ರೆಕ್ಕೆಯ ಫ್ಲ್ಯಾಪ್ ಬಿಟ್ಟು, ಎಲ್ಲಾ ಮುಗಿದ ಮೇಲೆ 'ವಿಮಾನ ಇಳಿಯಲು ಸಜ್ಜು' ಅಂತ ಒಂದು ಸಾಲು ಹಾಳೆಯಲ್ಲಿ ಬೇಕೇ ಬೇಕು. ಆ ಪದವನ್ನು ಅಲ್ಲಿಗೆ ಉಳಿಸಿಕೊಳ್ಳಿ.

ಇನ್ನು ಹಸಿರಾದ ಮೇಲಿನ ಸ್ಥಿತಿ. 'ಸಿಕ್ಕಿತು' ಅಂತ ಯಾರೋ ಸೂಚಿಸಿದ್ದರು. ಅದು ಬೇಡ, ಸಿಗ್ನಲ್ ಸಿಕ್ಕಿತು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಸಿಗ್ನಲ್ ಎಷ್ಟೋ ಮೈಲಿ ಮುಂಚೆಯೇ ಸಿಕ್ಕಿರುತ್ತದೆ. ಆಟೋಪೈಲಟ್ ದಾರಿ ಹಿಡಿಯಬೇಕು, ಆದ್ದರಿಂದ 'ಹಿಡಿ'ಯೇ ಸರಿ. ಒಂದು ತೊಡಕಿದೆ: 'ಹೂಡಿದೆ', 'ಹಿಡಿದಿದೆ' ಅವಸರದಲ್ಲಿ ಒಂದೇ ಥರ ಕಾಣುತ್ತವೆ. ಅದಕ್ಕೆ ಒಂದನ್ನು 'ಹೂಡಿದೆ' ಅಂತಲೂ ಇನ್ನೊಂದನ್ನು 'ಹಿಡಿಯಿತು' ಅಂತಲೂ ಬರೆಯಿರಿ. ಒಂದು ಇರುವ ಸ್ಥಿತಿ, ಇನ್ನೊಂದು ನಡೆದ ಘಟನೆ. ಅರ್ಥಕ್ಕೂ ಅದೇ ಹೊಂದುತ್ತದೆ.

ನಿಮ್ಮ ಪಟ್ಟಿಯ ಉಳಿದವು:

ಲೋಕಲೈಜರ್‌ಗೆ 'ಸ್ಥಾನನಿರ್ಧಾರಕ' ಬೇಡ. ಅದು ಸ್ಥಾನ ಹೇಳುವುದೇ ಇಲ್ಲ. ರನ್‌ವೇಯ ನಡುಗೆರೆಯಿಂದ ನೀವು ಎಡಕ್ಕಿದ್ದೀರೋ ಬಲಕ್ಕಿದ್ದೀರೋ, ಅಷ್ಟನ್ನೇ ಹೇಳುವುದು. 'ನಡುಗೆರೆ' ಅನ್ನಿ ಸಾಕು.

ಗ್ಲೈಡ್‌ಸ್ಲೋಪ್‌ಗೆ 'ಅವರೋಹಣ ಪಥ'ಕ್ಕಿಂತ 'ಇಳಿಜಾರು' ಎಷ್ಟೋ ವಾಸಿ. ಸಾಮಾನ್ಯವಾಗಿ ಅದು 3 ಡಿಗ್ರಿ, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿತ. ಜೊತೆಗೆ 'ಇಳಿಜಾರನ್ನು ಕೆಳಗಿನಿಂದ ಬಂದು ಹಿಡಿ' ಅಂತ ಒಂದು ಸಾಲು ಸೇರಿಸಿ. ಮೇಲಿನಿಂದ ಬಂದರೆ ನಮ್ಮ ಹುಡುಗನಿಗೆ ಆದದ್ದೇ ಆಗುತ್ತದೆ. ತೀರಾ ಮೇಲಿದ್ದರೆ 9 ಡಿಗ್ರಿಯ ಸುಳ್ಳು ಇಳಿಜಾರು ಹಿಡಿಯುವ ಅಪಾಯವೂ ಇದೆ.

ಫ್ಲೇರ್‌ಗೆ 'ಜ್ವಾಲೆ'! ನಿಘಂಟು ತೆರೆದು ಮೊದಲ ಅರ್ಥ ಎತ್ತಿ ಹಾಕಿದ್ದೀರಿ. ನೆಲದಿಂದ ಸುಮಾರು 30 ಅಡಿ ಇರುವಾಗ ಮೂಗನ್ನು ಮೆಲ್ಲಗೆ ಮೇಲಕ್ಕೆತ್ತುವುದು ಅದು. 'ಮೂಗೆತ್ತು'.

'ರಿಟಾರ್ಡ್'ಗೆ 'ಮಂದಗೊಳಿಸು' ನಡೆಯಲ್ಲ. ಅದು ಎಂಜಿನ್ ಬಲ ತಗ್ಗಿಸು ಅಂತ ವಿಮಾನವೇ ಕೂಗಿ ಹೇಳುವ ಮಾತು. ಕೈಯಾರೆ ಇಳಿಸುವಾಗ 20 ಅಡಿಯಲ್ಲಿ ಕೇಳಿಸುತ್ತದೆ, ತಾನೇ ಇಳಿಯುವಾಗ 10 ಅಡಿಯಲ್ಲಿ. ಕಿವಿಗೆ ಬೀಳುವ ಸದ್ದನ್ನು ಅನುವಾದಿಸಬೇಡಿ. "'ರಿಟಾರ್ಡ್' ಕೇಳಿದ ಕೂಡಲೇ ಥ್ರಸ್ಟ್ ಲಿವರ್ (ಎಂಜಿನ್ ಬಲದ ಹಿಡಿಕೆ) 'ಐಡಲ್' ಗುರುತಿನವರೆಗೆ ಹಿಂದಕ್ಕೆ ಎಳೆ" ಅಂತ ಬರೆಯಿರಿ.

ಗೋ ಅರೌಂಡ್‌ಗೆ 'ಸುತ್ತು ಹೊಡೆ' ಅಂದರೆ ಕಲಿಯುವವನು ತಕ್ಷಣ ವಿಮಾನ ತಿರುಗಿಸುತ್ತಾನೆ. ಮೊದಲು ಏರಬೇಕು. 'ಇಳಿಯಬೇಡ, ಏರು'.

> ಆಟೋಪೈಲಟ್: ಸ್ವಯಂಚಾಲಿತ

ಇದು ಎಲ್ಲ ಕಡೆ ಕಾಣುವ ತಪ್ಪು. 'ಚಾಲಿತ' ಅಂದರೆ ನಡೆಸಲ್ಪಟ್ಟದ್ದು. ಅದು ವಿಮಾನಕ್ಕೆ ಒಪ್ಪುತ್ತದೆ. ಆಟೋಪೈಲಟ್ ನಡೆಸುವಂಥದ್ದು. ಸಂಸ್ಕೃತವೇ ಬೇಕೆಂದರೆ 'ಸ್ವಯಂಚಾಲಕ' ಆಗಬೇಕು. ಆದರೆ ಎ320ರ ಗುಂಡಿಯ ಮೇಲೆ ಅದರ ಹೆಸರು 'ಎಪಿ' ಅಂತ ಚಿಕ್ಕದಾಗಿ ಬರೆದೇ ಇದೆ. 'ಆಟೋಪೈಲಟ್' ಅಂತಲೇ ಬಿಡಿ.

> 'ವಿಮಾನ'ವೇ ಕನ್ನಡದ್ದಲ್ಲ. ಬಾನೋಡ ಅನ್ನಿ. ಆಟೋಪೈಲಟ್ 'ತನ್ನೋಡಿಸುಗ' ಆಗಲಿ.

ಬೇಡ. ವಿಮಾನ ಮಕ್ಕಳ ಬಾಯಲ್ಲೂ ಇರುವ ಪದ. ಬ್ರೇಕು, ಗೇರು, ಸ್ವಿಚ್ಚು ಉಕಾರ ಹಚ್ಚಿಕೊಂಡು, ವಿಭಕ್ತಿ ಹಚ್ಚಿಕೊಂಡು ನಮ್ಮವೇ ಆಗಿವೆ. ಹೆಸರುಗಳನ್ನು ಸುಮ್ನೆ ಓಡಿಸಿ ಏನು ಬಂತು?

> ಹಾಗಾದರೆ ಕ್ರಿಯಾಪದಕ್ಕೆ ಯಾಕೆ ಹಟ? 'ಆರ್ಮ್ ಮಾಡು', 'ಲ್ಯಾಂಡ್ ಮಾಡು' ಅಂದರೆ ಆಯಿತು. ಎಲ್ಲಾ ಹೊಸದು, ಪದ ತಾನೇ ಹುಟ್ಟುತ್ತದೆ.

ಹೊಸದಲ್ಲ. ಪ್ರಯಾಣಿಕರಿದ್ದ ಟ್ರೈಡೆಂಟ್ ವಿಮಾನ ಹೀತ್ರೂನಲ್ಲಿ ತಾನೇ ಇಳಿದದ್ದು 1965ರ ಜೂನ್ 10ರಂದು. ಇನ್ನೆಷ್ಟು ಕಾಯೋಣ? ಪದ ತಾನೇ ಹುಟ್ಟುವುದಿಲ್ಲ. ಯಾರಾದರೂ ಹಾಳೆ ಬರೆಯುವಾಗ ಹುಟ್ಟುತ್ತದೆ, ಈಗ ಹಾಳೆ ಕೇಳಿದವರು ಬರೆಯುತ್ತಿರುವ ಹಾಗೆ.

ಹೆಸರಿಗೂ ಕ್ರಿಯಾಪದಕ್ಕೂ ವ್ಯತ್ಯಾಸ ಇದೆ. ಹೆಸರು ಪ್ಯಾನೆಲ್ ಮೇಲೆ ಅಚ್ಚಾಗಿರುತ್ತದೆ, ಕಣ್ಣಿಗೆ ಕಾಣುತ್ತದೆ. ಕ್ರಿಯಾಪದವನ್ನು ಕಲಿಯುವವನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. 'ಆರ್ಮ್ ಮಾಡು' ಅಂದಾಗ ಅವನಿಗೆ ಕಾಣುವುದು ಬರೀ 'ಮಾಡು'. 'ಎಂಗೇಜ್ ಮಾಡು' ಅಂದಾಗಲೂ ಅದೇ 'ಮಾಡು'. 'ಹೂಡು', 'ಹಿಡಿ', 'ಇಳಿ', 'ಇಳಿಸು' ಅಂದರೆ ನಾಲ್ಕಕ್ಕೂ ಬೇರೆ ಬೇರೆ ಚಿತ್ರ. ಕೈಯಾರೆ ಮಾಡಿದರೆ ಅವನು ಇಳಿಸಿದ, ಆಟೋಪೈಲಟ್ ಮಾಡಿದರೆ ವಿಮಾನ ತಾನೇ ಇಳಿಯಿತು. ಒಂದು 'ಸು' ಸೇರಿದರೆ ಯಾರ ಕೆಲಸ ಅಂತ ಗೊತ್ತಾಗುತ್ತದೆ. ಇದಕ್ಕಿಂತ ಜಾಸ್ತಿ ಏನು ಬೇಕು?

ಹಾಳೆ ಕೇಳಿದವರಿಗೆ ಇನ್ನೊಂದು ಮಾತು. ಬಣ್ಣದಲ್ಲಿ ಅಚ್ಚು ಹಾಕಿಸುವುದಾದರೆ 'ಹೂಡಿದೆ' ನೀಲಿಯಲ್ಲಿರಲಿ, 'ಹಿಡಿಯಿತು' ಹಸಿರಿನಲ್ಲಿರಲಿ, ಪರದೆಯಲ್ಲಿ ಇರುವ ಹಾಗೇ. ನೀವು ಕಲಿಸುವುದು ಬೋಯಿಂಗ್ 737 ಆಗಿದ್ದರೆ ನೀಲಿ ಬೇಡ, ಅದರಲ್ಲಿ ಹೂಡಿದ್ದು ಬಿಳಿಯಾಗಿ ಕಾಣುತ್ತದೆ. ಯಾವ ವಿಮಾನ ಅಂತ ಇವತ್ತೇ ಬರೆದು ತಿಳಿಸಿ, ಉಳಿದ ಸಾಲುಗಳನ್ನು ರಾತ್ರಿಯೊಳಗೆ ನೋಡಿಕೊಡುತ್ತೇನೆ.