ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಆದ್ರೂ ಸಂಜೆ ವಿಡಿಯೋ ಕಾಲ್ ನಿಂತುಹೋಗುತ್ತದೆ

ಪ್ರಶ್ನೆ:
ರೂಟರ್ ಹಾಲ್‌ನಲ್ಲಿದೆ. ಅಮ್ಮ ಒಳಗಿನ ಕೋಣೆಯಲ್ಲಿ ಇರುತ್ತಾರೆ, ಮಂಡಿನೋವು, ಜಾಸ್ತಿ ಓಡಾಡುವುದಿಲ್ಲ. ದಿನಾ ಸಂಜೆ ಏಳಕ್ಕೆ ಅಕ್ಕನ ಜೊತೆ ವಿಡಿಯೋ ಕಾಲ್. ಅವರಿಗೆ ಇಡೀ ದಿನದಲ್ಲಿ ಅದೇ ದೊಡ್ಡ ಖುಷಿ. ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತದೆ. ಆದ್ರೂ ಅಕ್ಕನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ, ಮಾತು ತುಂಡು ತುಂಡು. ಬೆಳಗ್ಗೆ ಏನೂ ತೊಂದರೆ ಇಲ್ಲ. ನಿನ್ನೆ ರೂಟರ್‌ನ ಸೆಟ್ಟಿಂಗ್ ಪುಟ (192.168.1.1) ತೆರೆದು ನೋಡಿದೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಚಾನೆಲ್ ‘ಆಟೋ’, ಚಾನೆಲ್ ವಿಡ್ತ್ (ಅಗಲ) 40 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್ ಆ ಕೋಣೆಗೆ ಸರಿಯಾಗಿ ಮುಟ್ಟುವುದಿಲ್ಲ, ಮಧ್ಯೆ ಎರಡು ಗೋಡೆ. ಏನು ಬದಲಿಸಲಿ?

ಉತ್ತರ 1:
ಮೊದಲು ಒಂದು ಪರೀಕ್ಷೆ ಮಾಡಿ. ಸಂಜೆ ಏಳಕ್ಕೆ ರೂಟರ್ ಪಕ್ಕದಲ್ಲೇ ಕೂತು, 5 ಗಿಗಾಹರ್ಟ್ಸ್‌ಗೆ ಸೇರಿ ಅದೇ ಕಾಲ್ ಮಾಡಿ. ಅಲ್ಲೂ ನಿಂತರೆ ತೊಂದರೆ ಬಹುಶಃ ಹೊರಗಿನ ಲೈನಿನದು ಅಥವಾ ಅಕ್ಕನ ಕಡೆಯದು, ಸೆಟ್ಟಿಂಗ್ ಮುಟ್ಟಿ ಪ್ರಯೋಜನವಿಲ್ಲ.

ಉತ್ತರ 2:
ಅಲ್ಲಿ ಚೆನ್ನಾಗಿ ಬಂದರೆ, ಇದು ಅಕ್ಕಪಕ್ಕದ ಮನೆಗಳ ವೈಫೈ ಜೊತೆಗಿನ ನೂಕುನುಗ್ಗಲು. ಸಂಜೆ ಎಲ್ಲರೂ ಮನೆಯಲ್ಲಿರುತ್ತಾರೆ ಅಲ್ವಾ? ಕಡ್ಡಿ ಹೇಳುವುದು ಸಿಗ್ನಲ್ ಎಷ್ಟು ಜೋರು ಅಂತ, ದಾರಿ ಖಾಲಿ ಇದೆ ಅಂತಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂತ ಸಾಮಾನ್ಯವಾಗಿ ಬಳಸುವುದು 1, 6, 11 ಮೂರನ್ನೇ. ವಿಡ್ತ್ 40 ಇಟ್ಟರೆ ಎರಡು ಚಾನೆಲ್‌ಗಳ ಜಾಗ ಹಿಡಿಯುತ್ತೀರಿ, ಅಲ್ಲಿರುವವರ ಗದ್ದಲವೂ ನಿಮ್ಮ ಪಾಲಿಗೇ. 20 ಮಾಡಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಆ್ಯಪ್ (ಯಾವ ಚಾನೆಲ್‌ನಲ್ಲಿ ಯಾರ ವೈಫೈ ಇದೆ ಅಂತ ತೋರಿಸುತ್ತದೆ) ಹಾಕಿಕೊಂಡು, ಅಮ್ಮನ ಮಂಚದ ಹತ್ತಿರವೇ ನಿಂತು ಆ ಮೂರರಲ್ಲಿ ಯಾವುದು ಖಾಲಿ ಅಂತ ನೋಡಿ. 3 ಅಥವಾ 4 ಖಾಲಿ ಕಂಡರೂ ಹಾಕಬೇಡಿ, 1 ಮತ್ತು 6 ಎರಡರ ಗಲಾಟೆಯೂ ಬರುತ್ತದೆ. ರೂಟರ್ ಟೀವಿ ಹಿಂದೆ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು:
ರೂಟರ್ ಪಕ್ಕದಲ್ಲಿ ಕಾಲ್ ಒಂದು ಸಲವೂ ನಿಲ್ಲಲಿಲ್ಲ. ಆ್ಯಪ್‌ನಲ್ಲಿ 6ರ ಮೇಲೆ ಒಂಬತ್ತು ಹೆಸರು, ನಮ್ಮದೂ ಅಲ್ಲೇ! 1ರಲ್ಲಿ ಎರಡೇ, ಅವೂ ಕ್ಷೀಣ. ಚಾನೆಲ್ 1, ವಿಡ್ತ್ 20 ಮಾಡಿದೆ. ರೂಟರ್ ನಿಜಕ್ಕೂ ಟೀವಿ ಹಿಂದೆಯೇ ಇತ್ತು, ಈಗ ಬಾಗಿಲ ಕಡೆಯ ಕಪಾಟಿನ ಮೇಲಿದೆ. ಜೊತೆಗೆ ಸೆಕ್ಯುರಿಟಿಯನ್ನು ಡಬ್ಲ್ಯುಪಿಎ3 (ವೈಫೈ ರಕ್ಷಣೆಯ ಹೊಸ ವಿಧಾನ) ಮಾಡಿದ್ದೆ, ಹಳೆಯ ಪ್ರಿಂಟರ್ ಸೇರುತ್ತಲೇ ಇಲ್ಲ. ಏನು ಮಾಡಲಿ?

ಉತ್ತರ 2:
ಹಳೆಯದಕ್ಕೆ ಡಬ್ಲ್ಯುಪಿಎ3 ಗೊತ್ತಿರುವುದಿಲ್ಲ. ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇದ್ದರೆ ಅದನ್ನು ಇಡಿ. ಅದಕ್ಕೂ ಬಗ್ಗದಿದ್ದರೆ ಬರೀ ಡಬ್ಲ್ಯುಪಿಎ2, ಗೂಢಲಿಪೀಕರಣ (ಎನ್‌ಕ್ರಿಪ್ಶನ್) ಎಇಎಸ್. ಟಿಕೆಐಪಿ ಅನ್ನುವ ಹಳೆಯ, ದುರ್ಬಲ ವಿಧಾನ ಮಾತ್ರ ಬೇಡ. ಡಬ್ಲ್ಯುಪಿಎಸ್ (ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ.

ಪ್ರಶ್ನೆ ಕೇಳಿದವರು:
ಎರಡೂ ಸೇರಿದ್ದನ್ನು ಇಟ್ಟೆ, ಪ್ರಿಂಟರ್ ಬಂತು. ಇವತ್ತು ಅಮ್ಮ ಮುಕ್ಕಾಲು ಗಂಟೆ ಮಾತಾಡಿದರು. ಅಕ್ಕನ ಮಗು ಹೊಸ ಹಲ್ಲು ತೋರಿಸಿತು, ಅದೂ ಸ್ಪಷ್ಟವಾಗಿ ಕಾಣಿಸಿತು. ತುಂಬಾ ಧನ್ಯವಾದ.