ಸಹಾಯ ಬೇಕು: ಜಾರ್ಜಿಯಾದಲ್ಲಿ ಅಮ್ಮನಿಗೆ ಊಟ, ನನಗೆ ವೈನ್

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಅಮ್ಮನ ಜೊತೆ ಜಾರ್ಜಿಯಾ ದೇಶದ ರಾಜಧಾನಿ ಟ್ಬಿಲಿಸಿಗೆ ಹೊರಟಿದ್ದೇನೆ. ಅಕ್ಕನ ಮಗಳು ಅಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಊಟದ ಬಗ್ಗೆ ಕೇಳಿದರೆ ಅಕ್ಕನ ಮಗಳು "ನಾವು ರೂಮಲ್ಲೇ ಅನ್ನ ಸಾರು ಮಾಡ್ಕೋತೀವಿ ಮಾಮ" ಅಂತಾಳೆ!

ಖಾಚಾಪುರಿ ಅಂದರೆ ಅಲ್ಲಿನ ಚೀಸ್ ರೊಟ್ಟಿ. ಅದರಲ್ಲಿ ಅಜಾರುಲಿ ಎಂಬ ಬಗೆಯ ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಅದು ಬೇಡ. ಇಮೆರುಲಿ ಎಂಬ ಇನ್ನೊಂದು ಬಗೆಯಲ್ಲಿ ಚೀಸ್ ಒಳಗೇ ಇರುತ್ತದೆ. ಆದರೆ ಆ ಚೀಸ್‌ಗೋ ಹಿಟ್ಟಿಗೋ ಮೊಟ್ಟೆ ಸೇರಿಸುತ್ತಾರಾ? ಹುರುಳಿಕಾಯಿ ಬೀಜ ತುಂಬಿದ ಲೋಬಿಯಾನಿ ರೊಟ್ಟಿ ನಮ್ಮ ಹೋಳಿಗೆಯ ಖಾರದ ತಂಗಿಯಂತೆ ಕಾಣುತ್ತದೆ. ಆದರೆ ರಾಚಾ ಪ್ರಾಂತ್ಯದ ಕಡೆಯದರಲ್ಲಿ ಹಂದಿಮಾಂಸ ಇರುತ್ತದಂತೆ. ಅಲ್ಲಿನ ಕ್ರೈಸ್ತರ ಉಪವಾಸದ ಅಡುಗೆಗೆ 'ಸಮಾರ್ಖ್ವೋ' ಅಂತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಹೋಟೆಲ್‌ನಲ್ಲಿ ಈ ಪದ ಹೇಳಿದರೆ ಸಾಕಾ? ಅಕ್ರೋಟ್ ಅರೆದು ತುಂಬಿದ ಬದನೆಕಾಯಿ ಸಿಕ್ಕರೆ ಅಮ್ಮ ಬದುಕಿಕೊಳ್ತಾರೆ.

ಇನ್ನು ನನ್ನ ಆಸೆ. ನಾವು ಹೋಗುವ ಹೊತ್ತಿಗೆ ವೈನ್‌ಗೆ ಹೆಸರಾದ ಕಾಖೇತಿ ಪ್ರಾಂತ್ಯದಲ್ಲಿ 'ರ್ತ್ವೇಲಿ', ಅಂದರೆ ದ್ರಾಕ್ಷಿ ಸುಗ್ಗಿ. ಕ್ವೆವ್ರಿ ಎಂಬ ಮಣ್ಣಿನ ಗುಡಾಣವನ್ನು ಕುತ್ತಿಗೆವರೆಗೆ ಹೂತು, ರಸವನ್ನು ಸಿಪ್ಪೆ ಬೀಜದ ಸಮೇತ ತಿಂಗಳುಗಟ್ಟಲೆ ಬಿಡುತ್ತಾರೆ. ಬಿಳಿ ದ್ರಾಕ್ಷಿಯ ವೈನ್ ಜೇನಿನ ಬಣ್ಣಕ್ಕೆ ತಿರುಗುವುದು ಹೀಗೇ. ಈ ಪದ್ಧತಿ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕಾಖೇತಿಯ ತೆಲಾವಿ ಅಥವಾ ಸಿಘ್ನಾಘಿ ಊರಿನ ಹತ್ತಿರ, ದೊಡ್ಡ ಫ್ಯಾಕ್ಟರಿ ಅಲ್ಲದ, ಮನೆಯವರೇ ವೈನ್ ಮಾಡುವ ಜಾಗ ಯಾರಾದರೂ ನೋಡಿದ್ದೀರಾ? ಅಮ್ಮನನ್ನು ಕರೆದುಕೊಂಡು ಹೋದರೆ ಮುಜುಗರ ಆಗಲ್ಲ ಅಲ್ವಾ?

ಹೋಗಿ ಬಂದವರು ದಯವಿಟ್ಟು ತಿಳಿಸಿ. ಸುಮ್ನೆ "ಎಂಟಿಆರ್ ಪ್ಯಾಕೆಟ್ ಒಯ್ಯಿರಿ" ಅನ್ನಬೇಡಿ, ಅದು ಆಗಲೇ ಬ್ಯಾಗಿನಲ್ಲಿದೆ.